ಗೇರ್ ಬೀಳುತ್ತಿಲ್ಲವೇ? ಸ್ಕ್ರೂಡ್ರೈವರ್ ಆಮೇಲೆ ತೆಗೆಯಿರಿ

ರೋಡ್ ಬೈಕಿನಲ್ಲಿ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಮೇಲೆ ಎರಡು ಪುಟ್ಟ ಸ್ಕ್ರೂಗಳಿರುತ್ತವೆ. ಒಂದರ ಪಕ್ಕ ‘ಎಚ್’ ಎಂದೂ ಇನ್ನೊಂದರ ಪಕ್ಕ ‘ಎಲ್’ ಎಂದೂ ಗುರುತು. ಗೇರ್ ಸರಿಯಾಗಿ ಬೀಳದೆ ಕಟಕಟ ಸದ್ದು ಶುರುವಾಯಿತೆಂದರೆ ಹೊಸಬರ ಕೈ ನೇರ ಹೋಗುವುದು ಅಲ್ಲಿಗೇ. ಕಣ್ಣೆದುರಿಗೇ ಸ್ಕ್ರೂ ಇದೆ, ಮನೆಯಲ್ಲಿ ಸ್ಕ್ರೂಡ್ರೈವರ್ ಇದೆ, ಇನ್ನೇನು ಬೇಕು? ಅರ್ಧ ಸುತ್ತು ಆ ಕಡೆ, ಒಂದು ಸುತ್ತು ಈ ಕಡೆ. ಸಂಜೆಯೊಳಗೆ ಒಂದಿದ್ದ ತೊಂದರೆ ಮೂರಾಗಿರುತ್ತದೆ.

ಆ ಸ್ಕ್ರೂಗಳನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ಅವು ತಾವಾಗಿಯೇ ತಿರುಗುವುದು ತೀರ ಅಪರೂಪ. ನಿನ್ನೆಯವರೆಗೆ ಚೆನ್ನಾಗಿದ್ದ ಗೇರ್ ಇವತ್ತು ಕೈಕೊಟ್ಟಿದ್ದರೆ ಕಾರಣ ಬೇರೆಲ್ಲೋ ಇದೆ. ಅದು ಕೊಳೆ ಇರಬಹುದು, ಸವೆದ ಚೈನ್ ಇರಬಹುದು, ಡಿರೇಲರನ್ನು ಫ್ರೇಮಿಗೆ ಜೋಡಿಸುವ ಹ್ಯಾಂಗರ್ ಬಾಗಿರಬಹುದು, ಸಡಿಲಾದ ಇಲ್ಲವೇ ತುಕ್ಕು ಹಿಡಿದ ಕೇಬಲ್ ಇರಬಹುದು. ಆದ್ದರಿಂದ ರಿಪೇರಿಯಲ್ಲಿ ಕ್ರಮ ಮುಖ್ಯ. ಕೆಳಗಿನ ಹಂತಗಳನ್ನು ಒಂದಾದ ಮೇಲೊಂದರಂತೆ ಮಾಡುತ್ತ ಹೋಗಿ, ತೊಂದರೆ ಎಲ್ಲಿ ಬಗೆಹರಿಯಿತೋ ಅಲ್ಲಿಗೇ ನಿಲ್ಲಿಸಿ. ಸ್ಕ್ರೂಗಳ ಸರದಿ ಬರುವುದು ಒಂಬತ್ತನೇ ಹಂತದಲ್ಲಿ. ಹೆಚ್ಚಿನವರು ಅಲ್ಲಿಯವರೆಗೆ ಬರಬೇಕಾಗುವುದೇ ಇಲ್ಲ.

ಉದಾಹರಣೆಗೆ ಶಿಮಾನೊ ಕ್ಲಾರಿಸ್ ಗೇರಿನ ಬೈಕನ್ನು ಇಟ್ಟುಕೊಳ್ಳೋಣ, ಬಹಳ ಜನರ ಮೊದಲ ರೋಡ್ ಬೈಕಿನಲ್ಲಿ ಇರುವುದು ಅದೇ. ಮುಂದೆ 50 ಮತ್ತು 34 ಹಲ್ಲಿನ ಎರಡು ಚೈನ್‌ರಿಂಗ್, ಹಿಂದೆ ಎಂಟು ಬಿಲ್ಲೆಗಳ ಕ್ಯಾಸೆಟ್. ಆ ಒಂದೊಂದು ಬಿಲ್ಲೆಯನ್ನು ಕಾಗ್ ಅನ್ನುತ್ತಾರೆ. ಬಲಗೈ ಲಿವರ್ ಹಿಂದಿನ ಡಿರೇಲರನ್ನು ಆಡಿಸುತ್ತದೆ, ಎಡಗೈಯದು ಮುಂದಿನದನ್ನು. ನಿಮ್ಮದು 9, 10 ಅಥವಾ 11 ಗೇರಿನ ಬೈಕಾದರೂ ಕೆಲಸ ಇದೇ. ಆದರೆ ಕಾಗ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳ ನಡುವಿನ ಜಾಗ ಕಿರಿದಾಗುತ್ತದೆ. ಎಂಟು ಗೇರಿನಲ್ಲಿ ಒಂದು ಕಾಗ್‌ನಿಂದ ಪಕ್ಕದ ಕಾಗ್‌ಗೆ 4.8 ಮಿ.ಮೀ. ದೂರವಿದ್ದರೆ ಹನ್ನೊಂದು ಗೇರಿನಲ್ಲಿ ಅದು 4 ಮಿ.ಮೀ.ಗಿಂತ ಕಡಿಮೆ. ದುಬಾರಿ ಬೈಕಿನ ಗೇರು ಬೇಗ ಮುನಿಸಿಕೊಳ್ಳುವುದು ಇದಕ್ಕೇ.

ಕೆಲಸಕ್ಕೆ ಬೇಕಾಗುವ ಸಾಮಾನು: ಅಲೆನ್ ಕೀ ಸೆಟ್, ಸ್ಟಾರ್ ಸ್ಕ್ರೂಡ್ರೈವರ್, ಹಳೇ ಟೂತ್‌ಬ್ರಶ್, ಹಳೇ ಬನಿಯನ್, ಡಿಗ್ರೀಸರ್, ಚೈನ್ ಲ್ಯೂಬ್. ರಿಪೇರಿ ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿಯಾದ ಹಗ್ಗದಿಂದ ಸೀಟನ್ನು ಕಿಟಕಿ ಸರಳಿಗೋ ಜಗುಲಿಯ ತೊಲೆಗೋ ಕಟ್ಟಿ, ಹಿಂದಿನ ಚಕ್ರ ನೆಲದಿಂದ ಮೇಲೆ ಇರುವ ಹಾಗೆ ತೂಗುಹಾಕಿ. ಬೈಕನ್ನು ತಲೆಕೆಳಗಾಗಿ ನಿಲ್ಲಿಸಿದರೆ ಲಿವರ್ ಉಜ್ಜಿಹೋಗುತ್ತದೆ, ಸಾಲದ್ದಕ್ಕೆ ಎಡ ಯಾವುದು ಬಲ ಯಾವುದು ಎಂದು ನಿಮಗೇ ಗೊಂದಲವಾಗುತ್ತದೆ.

ಹಂತ 1: ತೊಂದರೆಗೆ ಹೆಸರಿಡಿ

“ಗೇರ್ ಸರಿಯಿಲ್ಲ” ಎಂದರೆ ಯಾವ ಮೆಕ್ಯಾನಿಕ್‌ಗೂ ಅರ್ಥವಾಗುವುದಿಲ್ಲ. ಒಂದು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನಾಲ್ಕು ಸಂಗತಿ ಗಮನಿಸಿ. ತೊಂದರೆ ಮುಂದಿನ ಗೇರಿನಲ್ಲೋ ಹಿಂದಿನದರಲ್ಲೋ? ದೊಡ್ಡ ಕಾಗ್‌ಗೆ ಹತ್ತುವಾಗಲೋ, ಚಿಕ್ಕದಕ್ಕೆ ಇಳಿಯುವಾಗಲೋ? ಎಲ್ಲ ಗೇರಿನಲ್ಲೂ ಇದೆಯೋ, ಒಂದೆರಡರಲ್ಲಿ ಮಾತ್ರವೋ? ಸುಮ್ಮನೆ ತಿರುಗಿಸುವಾಗ ಆಗುತ್ತದೋ, ಏರಿನಲ್ಲಿ ಜೋರಾಗಿ ತುಳಿದಾಗ ಮಾತ್ರವೋ?

ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ರಿಪೇರಿ ಮುಗಿದಂತೆ. ದೊಡ್ಡ ಕಾಗ್‌ಗೆ ಹತ್ತಲು ತಡವರಿಸುತ್ತಿದ್ದರೆ ಕೇಬಲ್ ಸಡಿಲ. ಹತ್ತುವುದೇನೋ ಚೆನ್ನಾಗಿದೆ, ಇಳಿಯುವಾಗ ಮಾತ್ರ ತಡವಾಗುತ್ತಿದೆ ಎಂದರೆ ಕೇಬಲ್ ಒಂದೋ ಹೆಚ್ಚು ಬಿಗಿಯಾಗಿದೆ, ಇಲ್ಲವೇ ತನ್ನ ಹೊರಕವಚವಾದ ಔಟರ್ ಒಳಗೆ ಸಿಕ್ಕಿಕೊಳ್ಳುತ್ತಿದೆ. ಜೋರಾಗಿ ತುಳಿದಾಗ ಮಾತ್ರ ಒಂದೆರಡು ಕಾಗ್‌ಗಳಲ್ಲಿ ಚೈನ್ ಜಾರುತ್ತಿದ್ದರೆ ಅದು ಸವೆತ, ಅದಕ್ಕೆ ಯಾವ ಅಡ್ಜಸ್ಟ್‌ಮೆಂಟೂ ಮದ್ದಲ್ಲ. ದೊಡ್ಡ ಕಾಗ್‌ಗಳಲ್ಲಿ ಒಂದು ಥರ, ಚಿಕ್ಕವುಗಳಲ್ಲಿ ಇನ್ನೊಂದು ಥರ ತೊಂದರೆಯಿದ್ದು ಎಷ್ಟು ತಿರುವಿದರೂ ಎರಡೂ ಒಟ್ಟಿಗೆ ಸರಿಹೋಗುತ್ತಿಲ್ಲವೆಂದರೆ ಹ್ಯಾಂಗರ್ ಬಾಗಿರುವ ಸಂಭವ ಹೆಚ್ಚು.

ಹಂತ 2: ತುಳಿಯುವ ಕಾಲನ್ನೂ ಒಮ್ಮೆ ವಿಚಾರಿಸಿ

ಬೈಕು ಸರಿಯೇ ಇದ್ದು, ಗೇರ್ ಬದಲಿಸುವ ಹೊತ್ತು ತಪ್ಪಾಗಿರಬಹುದು. ಚೈನ್ ಒಂದು ಕಾಗ್‌ನಿಂದ ಇನ್ನೊಂದಕ್ಕೆ ದಾಟಬೇಕಾದರೆ ಪೆಡಲ್ ತಿರುಗುತ್ತಿರಬೇಕು, ಆದರೆ ಕಾಲಿನ ಭಾರ ಅದರ ಮೇಲಿರಬಾರದು. ನಂದಿ ಬೆಟ್ಟದ ತಿರುವಿನಲ್ಲಿ ಬೈಕು ನಿಂತೇ ಹೋಗುತ್ತದೆ ಅನ್ನುವಾಗ ಎದ್ದು ನಿಂತು ತುಳಿಯುತ್ತ ಲಿವರ್ ಒತ್ತಿದರೆ ಚೈನ್ ಕಿರುಚದೆ ಏನು ಮಾಡೀತು? ತಿರುವು ಕಾಣಿಸಿದ ಕೂಡಲೇ, ವೇಗ ಇನ್ನೂ ಇರುವಾಗಲೇ ಹಗುರ ಗೇರಿಗೆ ಬದಲಿಸಿ. ಮುಂದಿನ ಚೈನ್‌ರಿಂಗನ್ನು 50ರಿಂದ 34ಕ್ಕೆ ಇಳಿಸುವುದಂತೂ ಏರು ಶುರುವಾಗುವ ಮೊದಲೇ ಆಗಿಬಿಡಬೇಕು. ಕಾಲಿನ ಒತ್ತಡ ಅರ್ಧ ಸುತ್ತಿನಷ್ಟು ಹಗುರ ಮಾಡಿದರೆ ಸಾಕು.

ಅಡ್ಡ ಚೈನ್ ಇನ್ನೊಂದು ದುರಭ್ಯಾಸ. ಮುಂದೆ ದೊಡ್ಡದು, ಹಿಂದೆಯೂ ಅತಿ ದೊಡ್ಡದು. ಅಥವಾ ಮುಂದೆ ಚಿಕ್ಕದು, ಹಿಂದೆಯೂ ಅತಿ ಚಿಕ್ಕದು. ಎರಡರಲ್ಲೂ ಚೈನ್ ಓರೆಯಾಗಿ ಎಳೆಯಲ್ಪಟ್ಟು ಡಿರೇಲರಿಗೋ ಪಕ್ಕದ ರಿಂಗಿಗೋ ಸವರುತ್ತದೆ. ಆ ಸದ್ದಿಗೆ ರಿಪೇರಿ ಇಲ್ಲ, ಆ ಗೇರನ್ನು ಬಿಟ್ಟುಬಿಡುವುದೇ ದಾರಿ. ನಡುವಿನ ಗೇರುಗಳಲ್ಲಿ ಮುಂದಿನ ಡಿರೇಲರ್ ಸ್ವಲ್ಪ ಸವರಿದರೆ ಎಡ ಲಿವರನ್ನು ಅರ್ಧ ಕ್ಲಿಕ್ ಒತ್ತಿ. ಅದು ಟ್ರಿಮ್. ರಿಂಗ್ ಬದಲಾಗದೆ ಡಿರೇಲರ್ ಮಾತ್ರ ಕೊಂಚ ಸರಿಯುತ್ತದೆ. ವರ್ಷಗಟ್ಟಲೆ ಓಡಿಸಿದ ಎಷ್ಟೋ ಮಂದಿಗೆ ತಮ್ಮ ಲಿವರಿನಲ್ಲಿ ಇಂಥದೊಂದು ಇದೆ ಎಂಬುದೇ ಗೊತ್ತಿರುವುದಿಲ್ಲ.

ಹಂತ 3: ಹಿಂದಿನ ಚಕ್ರ ಸರಿಯಾಗಿ ಕೂತಿದೆಯೇ?

ಪಂಕ್ಚರ್ ಹಾಕಿಸಿದ ಮೇಲೆ, ಕಾರಿನಲ್ಲಿ ಬೈಕು ಸಾಗಿಸಿದ ಮೇಲೆ ಗೇರ್ ಕೆಟ್ಟಿದ್ದರೆ ಮೊದಲು ಇದನ್ನು ನೋಡಿ. ಚಕ್ರ ಒಂದು ಬದಿಗೆ ಕೊಂಚ ಓರೆಯಾಗಿ ಕೂತರೂ ಕ್ಯಾಸೆಟ್ ತನ್ನ ಜಾಗ ಬಿಟ್ಟು ಸರಿದಿರುತ್ತದೆ. ಬೈಕನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಕ್ವಿಕ್ ರಿಲೀಸ್ ಸಡಿಲಿಸಿ, ಸೀಟಿನ ಮೇಲೆ ಕೈಯಿಂದ ಭಾರ ಹಾಕಿ ಅಚ್ಚು ಪೂರ್ತಿ ಒಳಗೆ ಕೂರಲಿ, ಆಮೇಲೆ ಕ್ವಿಕ್ ರಿಲೀಸಿನ ಲಿವರ್ ಮುಚ್ಚಿ ಬಿಗಿ ಮಾಡಿ. ಒಂದು ನಿಮಿಷದ ಕೆಲಸ.

ಹಂತ 4: ಚೈನ್ ತೊಳೆಯಿರಿ

ಬಯಲುಸೀಮೆಯ ಧೂಳು, ಮಲೆನಾಡಿನ ಕೆಸರು, ಮೇಲೆ ಸುರಿದ ಎಣ್ಣೆ ಮೂರೂ ಕಲೆತರೆ ಚೈನಿನ ಮೇಲೆ ಕಪ್ಪು ಹಿಟ್ಟು ಕಟ್ಟುತ್ತದೆ. ಅದು ಮರಳು ಬೆರೆತ ಹಿಟ್ಟು, ಉಜ್ಜಿ ಉಜ್ಜಿ ಲೋಹವನ್ನೇ ತಿನ್ನುತ್ತದೆ. ಟೂತ್‌ಬ್ರಶ್‌ಗೆ ಡಿಗ್ರೀಸರ್ ಹಚ್ಚಿ ಚೈನಿನ ನಾಲ್ಕೂ ಬದಿ ತಿಕ್ಕಿ. ಕಾಗ್‌ಗಳ ನಡುವೆ ಬನಿಯನ್ ಬಟ್ಟೆಯ ಅಂಚನ್ನು ತೂರಿಸಿ ಹಿಂದೆ ಮುಂದೆ ಎಳೆಯಿರಿ. ಡಿರೇಲರಿನ ಎರಡು ಪುಟ್ಟ ಪುಲ್ಲಿಗಳ ಮೇಲೆ ಉಂಗುರದ ಹಾಗೆ ಕಟ್ಟಿರುವ ಜಿಡ್ಡನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಸುರುಳಿಯಾಗಿ ಏಳುತ್ತದೆ. ಸ್ಕ್ರೂಡ್ರೈವರಿಗೆ ಈ ಹಂತದಲ್ಲಿ ಇರುವ ಕೆಲಸ ಇಷ್ಟೇ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಜೋರು ನೀರನ್ನು ಹಬ್ ಕಡೆಗೆ ಹಿಡಿಯಬೇಡಿ, ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ.

ಚೈನ್ ಪೂರ್ತಿ ಒಣಗಿದ ಮೇಲೆ ಲ್ಯೂಬ್. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಒಂದೊಂದು ರೋಲರ್ ಮೇಲೆ ಒಂದೇ ತೊಟ್ಟು. ಕೊಂಡಿಯ ಒಳಗೆ ಇಳಿಯಲು ಸ್ವಲ್ಪ ಹೊತ್ತು ಬಿಡಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ. ಬಹಳ ಜನ ಬಿಡುವುದು ಈ ಕೊನೆಯ ಕೆಲಸವನ್ನೇ. ಎಣ್ಣೆ ಬೇಕಿರುವುದು ರೋಲರ್ ಮತ್ತು ಪಿನ್ನಿನ ನಡುವೆ. ಹೊರಗೆ ಹೊಳೆಯುವ ಎಣ್ಣೆ ಧೂಳಿಗೆ ಆಹ್ವಾನ. ಧೂಳಿನ ದಾರಿಗೆ ಡ್ರೈ ಲ್ಯೂಬ್, ಮಳೆಗಾಲಕ್ಕೆ ವೆಟ್ ಲ್ಯೂಬ್. ಕೊಬ್ಬರಿ ಎಣ್ಣೆ ತಲೆಗಿರಲಿ. ಡಬ್ಲ್ಯೂಡಿ-40 ಸ್ಪ್ರೇ ತುಕ್ಕು ಬಿಡಿಸಲು, ನೀರು ಓಡಿಸಲು ಸರಿ. ಆದರೆ ಅದು ತೆಳು, ಚೈನಿನ ಒಳಗೆ ಉಳಿಯುವುದಿಲ್ಲ.

ತೊಳೆದ ಮೇಲೆ ಗೇರ್ ಪರೀಕ್ಷಿಸಿ. ಸರಿಹೋಗಿದ್ದರೆ ಇಲ್ಲಿಗೇ ಸಾಕು.

ಹಂತ 5: ಚೈನ್ ಅಳೆಯಿರಿ

ಚೈನ್ “ಎಳೆದಿದೆ” ಅನ್ನುತ್ತಾರೆ. ಉಕ್ಕು ಎಳೆದು ಉದ್ದವಾಗುವುದಿಲ್ಲ. ಪ್ರತಿ ಪಿನ್ನೂ ಅದು ಕೂತ ತೂತೂ ಚೂರು ಚೂರು ಸವೆದು, ಆ ಚೂರೆಲ್ಲ ಕೂಡಿ ಚೈನ್ ಉದ್ದವಾಗುತ್ತದೆ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಗಾಗಿ 24 ಕೊಂಡಿಗೆ ಸರಿಯಾಗಿ 12 ಇಂಚು. ಬಡಗಿ ಬಳಸುವ ಉಕ್ಕಿನ ಸ್ಕೇಲಿನ ಒಂದು ಗೆರೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಹಿಡಿದು ಅಲ್ಲಿಂದ 12 ಇಂಚಿನ ಗೆರೆ ನೋಡಿ. 24ನೇ ಪಿನ್ನಿನ ನಡುಮಧ್ಯ ಆ ಗೆರೆಯ ಮೇಲೇ ಇದ್ದರೆ ಚೈನ್ ಹೊಸದರಂತೆ ಇದೆ. ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ, ಸುಮಾರು ಒಂದೂವರೆ ಮಿ.ಮೀ. ಹೋಗಿದ್ದರೆ ಬದಲಿಸುವ ಹೊತ್ತಾಯಿತು. ಎಂಟನೇ ಒಂದು ಭಾಗ ಹೋಗಿದ್ದರೆ ಕ್ಯಾಸೆಟ್ ಕೂಡ ಸವೆದಿರುವ ಸಂಭವ ಹೆಚ್ಚು. ಲೆಕ್ಕ ಬೇಡವೆನ್ನುವವರಿಗೆ ಚೈನ್ ಚೆಕರ್ ಎಂಬ ಪಟ್ಟಿ ಸಿಗುತ್ತದೆ. ಅದರ 0.5 ಗುರುತು 11 ಮತ್ತು 12 ಗೇರಿನ ಚೈನಿಗೆ, 0.75 ಗುರುತು 8ರಿಂದ 10 ಗೇರಿನದಕ್ಕೆ. ಆ ಗುರುತಿನ ತುದಿ ಚೈನಿನೊಳಗೆ ಸರಾಗವಾಗಿ ಇಳಿದರೆ ಚೈನ್ ಮುಗಿಯಿತು.

ಇಲ್ಲಿ ಜಿಪುಣತನ ದುಬಾರಿ. ಚೈನ್ ಅಗ್ಗ, ಕ್ಯಾಸೆಟ್ ತುಟ್ಟಿ, ಚೈನ್‌ರಿಂಗ್ ಇನ್ನೂ ತುಟ್ಟಿ. ಸವೆದ ಚೈನ್ ತನ್ನ ಹೊಸ ಅಳತೆಗೆ ತಕ್ಕಂತೆ ಕಾಗ್ ಹಲ್ಲುಗಳನ್ನೂ ತೇಯುತ್ತದೆ. ಆಮೇಲೆ ಹೊಸ ಚೈನ್ ಹಾಕಿದರೆ ಅದು ಆ ಹಲ್ಲುಗಳಿಗೆ ಒಗ್ಗುವುದಿಲ್ಲ, ಜೋರಾಗಿ ತುಳಿದ ಕೂಡಲೇ ಜಾರುತ್ತದೆ. “ಹೊಸ ಚೈನ್ ಹಾಕಿಸಿದ ಮೇಲೇ ಕೆಟ್ಟಿತು” ಎಂದು ಅಂಗಡಿಯವರ ಜೊತೆ ಜಗಳಕ್ಕೆ ಬೀಳುವವರಿದ್ದಾರೆ. ಹೊಸ ಚೈನಿನ ತಪ್ಪೇನೂ ಇರುವುದಿಲ್ಲ, ಹಳೆಯದನ್ನು ಕಳಚಲು ತಡವಾಗಿರುತ್ತದೆ.

ಇದೇ ಹೊತ್ತಿನಲ್ಲಿ ಬಿಗಿಯಾದ ಕೊಂಡಿ ಇದೆಯೇ ಎಂದೂ ನೋಡಿ. ಎಲ್ಲ ಗೇರಿನಲ್ಲೂ, ಲೆಕ್ಕ ಹಾಕಿದ ಹಾಗೆ ಆಗಾಗ ಒಂದು ಎಗರು ಬರುತ್ತಿದ್ದರೆ ಅನುಮಾನ ಅದರ ಮೇಲೆ. ಲೆಕ್ಕ ಸುಲಭ. ಚೈನಿನಲ್ಲಿ 110 ಕೊಂಡಿಗಳಿವೆ ಎನ್ನಿ. ಮುಂದೆ 50 ಹಲ್ಲಿನ ರಿಂಗಿನಲ್ಲಿದ್ದರೆ ಪೆಡಲಿನ ಪ್ರತಿ ಎರಡು ಸುತ್ತು ಚಿಲ್ಲರೆಗೆ ಒಮ್ಮೆ, 34ರಲ್ಲಿದ್ದರೆ ಮೂರು ಸುತ್ತು ಚಿಲ್ಲರೆಗೆ ಒಮ್ಮೆ ಎಗರಬೇಕು. ಪೆಡಲನ್ನು ಬಹಳ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಕೆಳಗಿನ ಪುಲ್ಲಿಯನ್ನೇ ನೋಡುತ್ತಿರಿ. ಬಿಗಿಯಾದ ಕೊಂಡಿ ಪುಲ್ಲಿ ದಾಟಿದ ಮೇಲೂ ನೆಟ್ಟಗಾಗದೆ ಮೊಣಕೈ ಮಡಚಿಕೊಂಡೇ ಬರುತ್ತದೆ, ಡಿರೇಲರ್ ಒಮ್ಮೆ ಬೆಚ್ಚಿದಂತೆ ಅಲುಗುತ್ತದೆ. ಅದಕ್ಕೊಂದು ತೊಟ್ಟು ಲ್ಯೂಬ್ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಮೆಲ್ಲಗೆ ಅಲ್ಲಾಡಿಸಿದರೆ ಸಾಮಾನ್ಯವಾಗಿ ಬಿಡುತ್ತದೆ.

ಹಂತ 6: ಹ್ಯಾಂಗರ್ ನೋಡಿ

ನನ್ನ ಅಭಿಪ್ರಾಯದಲ್ಲಿ ಸಿಕ್ಕಿಬೀಳದೆ ಓಡಾಡುವ ದೊಡ್ಡ ಕಳ್ಳ ಇದೇ. ಹಿಂದಿನ ಡಿರೇಲರ್ ನೇರವಾಗಿ ಫ್ರೇಮಿಗೆ ಅಂಟಿರುವುದಿಲ್ಲ. ನಡುವೆ ಒಂದು ಚಿಕ್ಕ ಅಲ್ಯೂಮಿನಿಯಂ ತುಂಡು ಇರುತ್ತದೆ, ಅದೇ ಹ್ಯಾಂಗರ್. ಬಿದ್ದಾಗ ಫ್ರೇಮ್ ಉಳಿಯಲಿ, ಇದು ಬಾಗಲಿ ಎಂದೇ ಮೆತ್ತಗೆ ಮಾಡಿರುತ್ತಾರೆ. ಬಾಗಲು ದೊಡ್ಡ ಅಪಘಾತವೇ ಬೇಕಿಲ್ಲ. ನಿಲ್ಲಿಸಿದ ಬೈಕು ಗಾಳಿಗೆ ಬಲಮಗ್ಗುಲಿಗೆ ಬಿದ್ದರೆ ಸಾಕು. ಬಸ್ಸಿನ ಡಿಕ್ಕಿಯಲ್ಲಿ ಅದರ ಮೇಲೆ ಯಾರದೋ ಸೂಟ್‌ಕೇಸ್ ಒರಗಿದರೂ ಸಾಕು.

ಚೈನನ್ನು ನಡುವಿನ ಕಾಗ್‌ಗೆ ಹಾಕಿ, ಬೈಕಿನ ಹಿಂದೆ ಮೂರಡಿ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ. ಕಾಗ್, ಅದರ ಕೆಳಗೆ ಮೇಲಿನ ಪುಲ್ಲಿ, ಅದರ ಕೆಳಗೆ ಕೆಳಗಿನ ಪುಲ್ಲಿ ಮೂರೂ ಒಂದೇ ನೇರ ಗೆರೆಯಲ್ಲಿರಬೇಕು. ಕೆಳಗಿನ ಪುಲ್ಲಿ ಚಕ್ರದ ಕಡ್ಡಿಗಳ ಕಡೆ ವಾಲಿದ್ದರೆ ಹ್ಯಾಂಗರ್ ಒಳಕ್ಕೆ ಬಾಗಿದೆ ಎಂದೇ ಅರ್ಥ. ಇಂಥ ಬೈಕನ್ನು ಅತಿ ದೊಡ್ಡ ಕಾಗ್‌ಗೆ ಹಾಕಬೇಡಿ. ಡಿರೇಲರ್ ಕಡ್ಡಿಗೆ ಸಿಕ್ಕಿಕೊಂಡರೆ ಚಕ್ರ ನಿಂತೇ ಬಿಡುತ್ತದೆ, ಡಿರೇಲರ್ ಮುರಿಯುತ್ತದೆ, ನೀವೂ ರಸ್ತೆಗೆ ಬೀಳುತ್ತೀರಿ.

ಕೈಯಿಂದ ಬಗ್ಗಿಸಿ ನೆಟ್ಟಗೆ ಮಾಡುವವರಿದ್ದಾರೆ. ಮಾಡಬೇಡಿ. ಹ್ಯಾಂಗರ್ ನೇರಮಾಡಲು ಉದ್ದ ತೋಳಿನ ಒಂದು ಗೇಜ್ ಇದೆ. ಅದನ್ನು ಹ್ಯಾಂಗರಿನ ತೂತಿಗೆ ತಿರುಪಿ, ಚಕ್ರದ ರಿಮ್ಮಿನ ನಾಲ್ಕು ದಿಕ್ಕಿನಲ್ಲೂ ದೂರ ಅಳೆದು ಸರಿಪಡಿಸುತ್ತಾರೆ. ಒಳ್ಳೆಯ ಸೈಕಲ್ ಶಾಪಿನಲ್ಲಿ ಇದು ಇರುತ್ತದೆ, ಅಲ್ಲಿಗೇ ಕೊಡಿ. ಹೊಸ ಹ್ಯಾಂಗರ್ ಬೇಕಾದರೆ ನಿಮ್ಮ ಮಾಡೆಲಿಗೆ ಹೊಂದುವುದೇ ಆಗಬೇಕು, ಒಂದು ಬೈಕಿನದು ಇನ್ನೊಂದಕ್ಕೆ ಕೂರುವುದು ಅಪರೂಪ. ಊರಿನಲ್ಲಿ ಹುಡುಕಿದರೆ ಸಿಗದು, ತರಿಸಲು ದಿನಗಳು ಬೇಕು. ಬೈಕು ಕೊಳ್ಳುವಾಗಲೇ ಇನ್ನೊಂದು ತೆಗೆದು ಸೀಟಿನ ಕೆಳಗಿನ ಚೀಲದಲ್ಲಿಟ್ಟುಬಿಡಿ. ಮತ್ತೆ, ಬೈಕನ್ನು ನೆಲಕ್ಕೆ ಮಲಗಿಸುವುದಿದ್ದರೆ ಯಾವಾಗಲೂ ಎಡಮಗ್ಗುಲಿಗೆ.

ಹಂತ 7: ಕೇಬಲ್

ತನ್ನ ರೇಸ್ ಗೇರಿನ ಡ್ಯೂರಾ-ಏಸ್ ಸರಣಿಯಲ್ಲಿ ಶಿಮಾನೊ 1984ರಲ್ಲಿ ಕ್ಲಿಕ್ ಆಗುವ ಗೇರನ್ನು ತಂದಿತು. ಅಲ್ಲಿಯವರೆಗೆ ರೇಸಿನ ಸವಾರರು ಫ್ರೇಮಿನ ಕೆಳ ಕೊಳವೆಯ ಮೇಲಿನ ಲಿವರನ್ನು ಅಂದಾಜಿನಲ್ಲಿ ಎಳೆದು, ಚೈನಿನ ಸದ್ದು ಕೇಳಿಕೊಂಡು ಗೇರ್ ಕೂರಿಸುತ್ತಿದ್ದರು. ಕೇಬಲ್ ಸ್ವಲ್ಪ ಸಡಿಲಿದ್ದರೂ ಕೈ ಅದನ್ನು ಸರಿದೂಗಿಸುತ್ತಿತ್ತು. ಈಗಿನ ಲಿವರಿಗೆ ಕಿವಿ ಇಲ್ಲ. ಒಂದು ಕ್ಲಿಕ್ಕಿಗೆ ಇಷ್ಟೇ ಕೇಬಲ್ ಎಳೆಯುವುದು ಎಂದು ಗೊತ್ತು, ಅಷ್ಟೇ ಎಳೆಯುತ್ತದೆ. ಕ್ಲಾರಿಸ್‌ನಲ್ಲಿ ಅದು ಸುಮಾರು 2.8 ಮಿ.ಮೀ. ಅದರಲ್ಲಿ ಅರ್ಧ ಮಿ.ಮೀ. ಸಡಿಲಕ್ಕೋ ತುಕ್ಕಿಗೋ ಹೋದರೆ ಗೇರ್ ತಪ್ಪುತ್ತದೆ.

ಗೇರನ್ನು ಅತಿ ಚಿಕ್ಕ ಕಾಗ್‌ಗೆ ತಂದು, ಫ್ರೇಮಿನ ಹೊರಗೆ ಕೇಬಲ್ ಕಾಣುವಲ್ಲಿ ಬೆರಳಿನಿಂದ ಮೀಟಿ. ಜೋಲಾಗಿರಬಾರದು. ಡಿರೇಲರಿಗೆ ಹೋಗುವ ಕೊನೆಯ ಔಟರಿನ ಕುಣಿಕೆ ನೋಡಿ. ನೀರು, ಕೆಸರು ಸೇರುವುದು ಅಲ್ಲಿಗೇ. ತುದಿಯಲ್ಲಿ ಕೆಂಪು ಪುಡಿ ಕಂಡರೆ ಕೇಬಲ್ ಮತ್ತು ಔಟರ್ ಎರಡನ್ನೂ ಬದಲಿಸಿ. ಎಣ್ಣೆ ಬಿಟ್ಟರೆ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ.

ಬದಲಿಸುವಾಗ ಒಂದು ಎಚ್ಚರಿಕೆ. ಬ್ರೇಕಿನ ಔಟರ್ ಬೇರೆ, ಗೇರಿನದು ಬೇರೆ. ಬ್ರೇಕಿನದರ ಒಳಗೆ ತಂತಿ ಸುರುಳಿಯಾಗಿ ಸುತ್ತಿರುತ್ತದೆ, ಎಳೆದಾಗ ಸ್ವಲ್ಪ ಕುಗ್ಗುತ್ತದೆ. ಗೇರಿನದರಲ್ಲಿ ತಂತಿಗಳು ಉದ್ದಕ್ಕೆ ಓಡುತ್ತವೆ, ಕುಗ್ಗುವುದಿಲ್ಲ. ಗೇರಿಗೆ ಬ್ರೇಕಿನ ಔಟರ್ ಹಾಕಿದರೆ ಎಷ್ಟು ತಿರುವಿದರೂ ಗೇರ್ ನಿಲ್ಲದು. ಬ್ರೇಕಿಗೆ ಗೇರಿನ ಔಟರ್ ಹಾಕಿದರೆ ಜೋರಾಗಿ ಬ್ರೇಕ್ ಹಿಡಿದಾಗ ಅದು ಸೀಳಿಹೋಗಬಹುದು, ಅಂದರೆ ಜೀವಕ್ಕೇ ಅಪಾಯ. ಕತ್ತರಿಸಿದ ತುದಿಯನ್ನು ಇಣುಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಕೇಬಲಿನ ಮತ್ತೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಲಿವರಿನೊಳಗೆ ಕೇಬಲ್ ಬಿಗಿಯಾಗಿ ಬಳಸಿ ಹೋಗುವ ಕಡೆ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಇವತ್ತು ಸರಿಮಾಡಿದ ಗೇರ್ ನಾಳಿದ್ದು ಮತ್ತೆ ಸಡಿಲ, ಮತ್ತೆ ಸರಿಮಾಡಿದರೆ ಮತ್ತೆ ಸಡಿಲ ಎಂದಾದರೆ ಲಿವರಿನ ರಬ್ಬರನ್ನು ಹಿಂದಕ್ಕೆ ಮಡಚಿ ಇಣುಕಿ. ಹರಿದ ಎಳೆ ಕಂಡರೆ ಆ ದಿನವೇ ಬದಲಿಸಿ. ಪೂರ್ತಿ ತುಂಡಾಗಿ ಅದರ ತಲೆ ಲಿವರಿನೊಳಗೆ ಸಿಕ್ಕಿಕೊಂಡರೆ ಹೊರತೆಗೆಯುವುದು ಅರ್ಧ ದಿನದ ತಲೆನೋವು.

ಹಂತ 8: ಬ್ಯಾರಲ್ ಅಡ್ಜಸ್ಟರ್

ಹಿಂದಿನ ಡಿರೇಲರಿಗೆ ಕೇಬಲ್ ಸೇರುವ ಜಾಗದಲ್ಲಿ ಬೆರಳಿನಿಂದಲೇ ತಿರುವಬಹುದಾದ ಒಂದು ಗುಬುಟು ಇರುತ್ತದೆ. ನಿಮ್ಮ ದಿನನಿತ್ಯದ ರಿಪೇರಿಯೆಲ್ಲ ಇದರಲ್ಲೇ. ಬೈಕಿನ ಹಿಂದೆ ನಿಂತು ನೋಡುತ್ತ ಅಪ್ರದಕ್ಷಿಣವಾಗಿ ತಿರುವಿದರೆ ಕೇಬಲ್ ಬಿಗಿಯಾಗುತ್ತದೆ, ಚೈನ್ ದೊಡ್ಡ ಕಾಗ್ ಕಡೆ ಸರಿಯುತ್ತದೆ. ಪ್ರದಕ್ಷಿಣವಾಗಿ ತಿರುವಿದರೆ ಸಡಿಲ, ಚಿಕ್ಕ ಕಾಗ್ ಕಡೆ.

ಮುಂದೆ ದೊಡ್ಡ ರಿಂಗಿಗೆ, ಹಿಂದೆ ಅತಿ ಚಿಕ್ಕ ಕಾಗ್‌ಗೆ ಹಾಕಿ. ಪೆಡಲ್ ತಿರುಗಿಸುತ್ತ ಬಲ ಲಿವರನ್ನು ಒಂದು ಕ್ಲಿಕ್ ಒತ್ತಿ. ಚೈನ್ ಎರಡನೇ ಕಾಗ್‌ಗೆ ಹತ್ತಲಿಲ್ಲವೇ? ಕಾಲು ಸುತ್ತು ಬಿಗಿ ಮಾಡಿ, ಮತ್ತೆ ನೋಡಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಒಂದೇ ಕ್ಲಿಕ್ಕಿಗೆ ಮೂರನೆಯದಕ್ಕೆ ಹಾರಿದರೆ ಕಾಲು ಸುತ್ತು ಸಡಿಲಿಸಿ.

ಎರಡನೆಯದರಲ್ಲಿ ನಿಂತ ಮೇಲೆ ಸೂಕ್ಷ್ಮ ಪರೀಕ್ಷೆ ಒಂದಿದೆ. ಕ್ಲಿಕ್ ಆಗದಷ್ಟೇ, ಲಿವರಿನ ಸಡಿಲು ಮುಗಿಯುವವರೆಗೆ ಮಾತ್ರ ಒತ್ತಿ ಹಿಡಿದು ಪೆಡಲ್ ತಿರುಗಿಸಿ. ಚೈನ್ ಮೂರನೇ ಕಾಗ್‌ಗೆ ಸವರಿ ಸರಸರ ಸದ್ದು ಮಾಡಬೇಕು, ಹತ್ತಬಾರದು. ಬಿಟ್ಟ ಕೂಡಲೇ ಸದ್ದು ನಿಲ್ಲಬೇಕು. ಹಾಗಾದರೆ ಹದ ಸರಿಯಾಗಿದೆ. ನಂತರ ಒಂದೊಂದೇ ಗೇರ್ ಹತ್ತಿಸಿ, ಒಂದೊಂದೇ ಇಳಿಸಿ. ಹತ್ತುವುದನ್ನು ಸರಿಮಾಡಿದರೆ ಇಳಿಯುವುದು ಕೆಡುತ್ತದೆ, ಇಳಿಯುವುದನ್ನು ಸರಿಮಾಡಿದರೆ ಹತ್ತುವುದು ಕೆಡುತ್ತದೆ ಎಂಬ ಸುಳಿಗೆ ಸಿಕ್ಕಿದಿರಾದರೆ ಅಡ್ಜಸ್ಟರ್ ಬಿಟ್ಟು ಆರು, ಏಳನೇ ಹಂತಕ್ಕೆ ವಾಪಸ್ ಹೋಗಿ.

ಹಂತ 9: ಕೊನೆಗೂ ಆ ಸ್ಕ್ರೂಗಳು

ಎಚ್ ಮತ್ತು ಎಲ್ ಸ್ಕ್ರೂಗಳು ಗೇರ್ ಬದಲಿಸುವುದಿಲ್ಲ, ಡಿರೇಲರ್ ಎಲ್ಲಿಯವರೆಗೆ ಹೋಗಬಹುದು ಎಂಬ ಗಡಿ ಹಾಕುತ್ತವೆ. ಎಚ್ ಚಿಕ್ಕ ಕಾಗ್ ಕಡೆಯ ಗಡಿ, ಎಲ್ ದೊಡ್ಡ ಕಾಗ್ ಕಡೆಯದು. ಚೈನ್ ಕ್ಯಾಸೆಟ್ ದಾಟಿ ಫ್ರೇಮಿಗೋ ಕಡ್ಡಿಗೋ ಬೀಳುತ್ತಿದ್ದರೆ, ಅಥವಾ ಎಷ್ಟು ಮಾಡಿದರೂ ತುದಿಯ ಕಾಗ್‌ಗೆ ಹೋಗದಿದ್ದರೆ ಮಾತ್ರ ಇವನ್ನು ಮುಟ್ಟಿ. ಮುಟ್ಟುವ ಮುಂಚೆ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಅತಿ ಚಿಕ್ಕ ಕಾಗ್‌ನಲ್ಲಿ, ಹಿಂದಿನಿಂದ ನೋಡಿದಾಗ, ಮೇಲಿನ ಪುಲ್ಲಿ ಆ ಕಾಗ್‌ನ ಹೊರ ಅಂಚಿಗೆ ನೇರವಾಗಿರಬೇಕು. ಇಲ್ಲದಿದ್ದರೆ ಎಚ್ ತಿರುವಿ. ಅತಿ ದೊಡ್ಡದರಲ್ಲಿ ಪುಲ್ಲಿ ಆ ಕಾಗ್‌ನ ಸರಿಯಾಗಿ ಕೆಳಗಿರಬೇಕು. ಇಲ್ಲದಿದ್ದರೆ ಎಲ್. ಎರಡನ್ನೂ ಬಿಗಿ ಮಾಡಿದಷ್ಟೂ ಓಡಾಟ ಕಡಿಮೆಯಾಗುತ್ತದೆ. ಎಲ್ ಪರೀಕ್ಷಿಸುವಾಗ ಡಿರೇಲರನ್ನು ಕೈಯಿಂದಲೇ ಒಳಕ್ಕೆ ತಳ್ಳಿ ನೋಡಿ, ಕಡ್ಡಿ ಮುಟ್ಟಬಾರದು. ಮೂರನೆಯದೊಂದು ಸ್ಕ್ರೂ ಇದೆ, ‘ಬಿ’ ಎನ್ನುತ್ತಾರೆ. ಮೇಲಿನ ಪುಲ್ಲಿಗೂ ದೊಡ್ಡ ಕಾಗ್‌ಗೂ ನಡುವಿನ ಸಂದನ್ನು ಅದು ನಿಗದಿ ಮಾಡುತ್ತದೆ. ತಾಗದೆ, ಆದಷ್ಟು ಹತ್ತಿರ, 5-6 ಮಿ.ಮೀ. ಇದ್ದರೆ ಸಾಕು.

ಹಂತ 10: ಮುಂದಿನ ಡಿರೇಲರ್, ಬೀಳುವ ಚೈನ್

2010ರ ಟೂರ್ ಡಿ ಫ್ರಾನ್ಸ್. ಜುಲೈ 19ರಂದು ಪಿರೆನೀಸ್‌ನ ಪೋರ್ ದ ಬಾಲೆಸ್ ಏರಿನಲ್ಲಿ ಮುಂಚೂಣಿಯ ಹಳದಿ ಜರ್ಸಿ ತೊಟ್ಟಿದ್ದ ಆಂಡಿ ಶ್ಲೆಕ್ ಮುನ್ನುಗ್ಗಿದ ಹೊತ್ತಿಗೇ ಚೈನ್ ಕಳಚಿಬಿತ್ತು. ಪ್ರತಿಸ್ಪರ್ಧಿ ಆಲ್ಬರ್ಟೊ ಕೊಂಟಡೋರ್ ದಾಟಿ ಹೋದರು. ಶ್ಲೆಕ್ ಆ ದಿನ ಕಳೆದುಕೊಂಡದ್ದು 39 ಸೆಕೆಂಡು. ಪ್ಯಾರಿಸ್ ತಲುಪಿದಾಗ ಇಬ್ಬರ ನಡುವಿನ ಅಂತರವೂ 39 ಸೆಕೆಂಡೇ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಕೊಂಟಡೋರ್ ಪ್ರಶಸ್ತಿ ಕಳೆದುಕೊಂಡು 2012ರಲ್ಲಿ ಅದು ಶ್ಲೆಕ್ ಪಾಲಿಗೆ ಬಂದಿತೆನ್ನಿ. ಜಗತ್ತಿನ ಒಳ್ಳೆಯ ಮೆಕ್ಯಾನಿಕ್‌ಗಳು ನೋಡಿಕೊಳ್ಳುವ ಬೈಕಿನಲ್ಲೂ ಚೈನ್ ಬೀಳುತ್ತದೆ. ನಿಮ್ಮದು ಬಿದ್ದರೆ ನಾಚಿಕೆಪಡಬೇಕಿಲ್ಲ. ಮತ್ತೆ ಮತ್ತೆ ಬೀಳುತ್ತಿದ್ದರೆ ಮಾತ್ರ ನೋಡಬೇಕು.

ಮುಂದಿನ ಡಿರೇಲರಿನ ಹೊರ ತಗಡು ದೊಡ್ಡ ರಿಂಗಿನ ಹಲ್ಲಿಗಿಂತ 1ರಿಂದ 3 ಮಿ.ಮೀ. ಮೇಲಿರಬೇಕು, ಮೇಲಿನಿಂದ ನೋಡಿದಾಗ ರಿಂಗಿಗೆ ಸಮಾನಾಂತರವಾಗಿರಬೇಕು. ಇವೆರಡು ತಪ್ಪಿದ್ದರೆ ಯಾವ ಸ್ಕ್ರೂವೂ ಕಾಯುವುದಿಲ್ಲ. ಸರಿಯಿದ್ದೂ ಚೈನ್ ಒಳಕ್ಕೆ, ಪೆಡಲಿನ ಅಚ್ಚಿನ ಕಡೆ ಬೀಳುತ್ತಿದ್ದರೆ ಮುಂದಿನ ಎಲ್ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ. ಚಿಕ್ಕ ರಿಂಗು, ಹಿಂದೆ ಅತಿ ದೊಡ್ಡ ಕಾಗ್ ಇದ್ದಾಗ ಚೈನಿಗೂ ಒಳ ತಗಡಿಗೂ ಅರ್ಧ ಮಿ.ಮೀ. ಸಂದು ಉಳಿದರೆ ಸಾಕು. ಹೊರಕ್ಕೆ ಬೀಳುತ್ತಿದ್ದರೆ ಎಚ್, ಅದೇ ರೀತಿ.

ಓಡಿಸುವಾಗಲೇ ಚೈನ್ ಒಳಕ್ಕೆ ಬಿದ್ದರೆ ಗಾಬರಿಯಾಗಿ ಜೋರಾಗಿ ತುಳಿಯಬೇಡಿ. ಎಡ ಲಿವರನ್ನು ದೊಡ್ಡ ರಿಂಗ್ ಕಡೆ ಒತ್ತಿ, ಬರಿಗಾಲಿನಷ್ಟು ಹಗುರಾಗಿ ಪೆಡಲ್ ತಿರುಗಿಸಿ. ಬಹಳ ಸಲ ಚೈನ್ ತಾನಾಗಿ ಹತ್ತಿಕೊಳ್ಳುತ್ತದೆ. ಪೆಡಲ್ ಗಟ್ಟಿಯಾಗಿ ಸಿಕ್ಕಿಕೊಂಡರೆ ಬಲವಂತ ಬೇಡ, ಇಳಿಯಿರಿ. ಹಿಂದಿನ ಡಿರೇಲರಿನ ತೋಳನ್ನು ಒಂದು ಕೈಯಲ್ಲಿ ಮುಂದಕ್ಕೆ ತಳ್ಳಿದರೆ ಚೈನ್ ಸಡಿಲಾಗುತ್ತದೆ. ಇನ್ನೊಂದು ಕೈಯಲ್ಲಿ ಚೈನನ್ನು ಚಿಕ್ಕ ರಿಂಗಿನ ಮೇಲುಗಡೆಯ ಹಲ್ಲಿಗೆ ಸಿಕ್ಕಿಸಿ, ಹಿಂದಿನ ಚಕ್ರ ಎತ್ತಿ ಪೆಡಲನ್ನು ಮುಂದಕ್ಕೆ ತಿರುಗಿಸಿ. ಕೈ ಮಸಿಯಾಗದಿರಲು ಚೀಲದಲ್ಲೊಂದು ಜೊತೆ ತೆಳು ಗ್ಲೌಸ್ ಇರಲಿ, ಇಲ್ಲದಿದ್ದರೆ ರಸ್ತೆ ಬದಿಯ ಯಾವುದಾದರೂ ಅಗಲ ಎಲೆ. ಎಕ್ಕದ ಎಲೆ ಮಾತ್ರ ಬೇಡ, ಅದರ ಹಾಲು ಕಣ್ಣಿಗೆ ತಾಗಿದರೆ ಚೈನಿನ ಚಿಂತೆ ಮರೆತೇ ಹೋಗುತ್ತದೆ.

ಹಂತ 11: ನಡುದಾರಿಯಲ್ಲಿ ಮನೆಗೆ ಮರಳಲು

ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ ಬ್ರೆವೆ ಅನ್ನುತ್ತಾರೆ. 200 ಕಿ.ಮೀ. ಬ್ರೆವೆಗೆ ಹೊರಟವರಿಗೆ 13 ಗಂಟೆ 30 ನಿಮಿಷ ಸಮಯವಿರುತ್ತದೆ. ಅದರಲ್ಲಿ ಕಾಲು ಗಂಟೆ ರಿಪೇರಿಗೆ ಹೋದರೆ ಮುಳುಗುವುದೇನಿಲ್ಲ. ಜೊತೆಯಲ್ಲಿ ಇರಬೇಕಾದ್ದು ಚೈನ್ ಕತ್ತರಿಸುವ ಟೂಲ್ ಇರುವ ಮಲ್ಟಿಟೂಲ್ ಮತ್ತು ಚೈನಿನ ತುದಿಗಳನ್ನು ಜೋಡಿಸುವ ಕ್ವಿಕ್ ಲಿಂಕ್. ಲಿಂಕ್ ನಿಮ್ಮ ಗೇರಿನ ಸಂಖ್ಯೆಯದೇ ಆಗಬೇಕು, 8ರದ್ದು 11ಕ್ಕೆ ಆಗುವುದಿಲ್ಲ.

ಚೈನ್ ತುಂಡಾದರೆ ಯಾವ ಕೊಂಡಿ ಹೋಗಿದೆ ನೋಡಿ. ಹೊರಪಟ್ಟಿಯ ಕೊಂಡಿಯಾದರೆ ಅದನ್ನಷ್ಟೇ ತೆಗೆದು ಆ ಜಾಗಕ್ಕೆ ಕ್ವಿಕ್ ಲಿಂಕ್ ಹಾಕಿ, ಉದ್ದ ಅಷ್ಟೇ ಉಳಿಯುತ್ತದೆ. ಒಳಪಟ್ಟಿಯದಾದರೆ ಅದರ ಪಕ್ಕದ ಹೊರಕೊಂಡಿಗಳನ್ನೂ ತೆಗೆಯಬೇಕು, ಚೈನ್ ಒಂದಿಂಚು ಗಿಡ್ಡವಾಗುತ್ತದೆ. ಆಗ ಮನೆ ಸೇರುವವರೆಗೆ ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಲೇಬೇಡಿ, ಡಿರೇಲರ್ ಕಿತ್ತುಬರುತ್ತದೆ. ಲಿಂಕ್ ಸಿಕ್ಕಿಸಿದ ಮೇಲೆ ಅದು ಮೇಲಿನ ಸಾಲಿಗೆ ಬರುವಂತೆ ತಿರುಗಿಸಿ, ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಬಲವಾಗಿ ಒತ್ತಿ. ಟಕ್ ಎಂದರೆ ಕೂತಿತು.

ಹಿಂದಿನ ಗೇರ್ ಕೇಬಲ್ ತುಂಡಾದರೆ ಡಿರೇಲರ್ ಅತಿ ಚಿಕ್ಕ ಕಾಗ್‌ಗೆ ಹೋಗಿ ನಿಲ್ಲುತ್ತದೆ. ಆ ಗೇರಿನಲ್ಲಿ ಏರು ಹತ್ತುವುದು ಶಿಕ್ಷೆ. ಆಗ ಎಚ್ ಸ್ಕ್ರೂ ನಿಮ್ಮ ಗೆಳೆಯ. ಪೆಡಲ್ ತಿರುಗಿಸುತ್ತ ಅದನ್ನು ಬಿಗಿ ಮಾಡುತ್ತ ಹೋದರೆ ಚೈನ್ ಎರಡನೆಯದಕ್ಕೋ, ಸ್ಕ್ರೂ ಉದ್ದವಿದ್ದರೆ ಮೂರನೆಯದಕ್ಕೋ ಬಂದು ನಿಲ್ಲುತ್ತದೆ. ಮುಂದೆ 34ಕ್ಕೆ ಹಾಕಿಕೊಂಡರೆ ಸಾಧಾರಣ ಏರುಗಳನ್ನೆಲ್ಲ ದಾಟಬಹುದು. ಎಷ್ಟು ಸುತ್ತು ತಿರುವಿದಿರಿ ಎಂದು ಎಣಿಸಿಟ್ಟುಕೊಳ್ಳಿ, ಹೊಸ ಕೇಬಲ್ ಹಾಕಿದಾಗ ಅಷ್ಟೇ ವಾಪಸ್ ತಿರುವಬೇಕು.

ಹಂತ 12: ಭಾರ ಹಾಕಿ ಪರೀಕ್ಷಿಸಿ

ತೂಗುಹಾಕಿದ ಬೈಕಿನಲ್ಲಿ ಸರಿಯಿದ್ದ ಗೇರ್ ರಸ್ತೆಯಲ್ಲಿ ತಪ್ಪಬಹುದು, ಏಕೆಂದರೆ ಕಿಟಕಿಗೆ ಕಟ್ಟಿದ ಬೈಕಿನ ಚೈನಿಗೆ ನಿಮ್ಮ ಭಾರ ಇರುವುದಿಲ್ಲ. ಹತ್ತಿರದ ಚಿಕ್ಕ ಏರಿಗೆ ಹೋಗಿ ಪ್ರತಿ ಗೇರಿನಲ್ಲೂ ನಾಲ್ಕು ಸುತ್ತು ಗಟ್ಟಿಯಾಗಿ ತುಳಿಯಿರಿ. ಮೊದಲು ಕೂತೇ ತುಳಿಯಿರಿ, ಚೈನ್ ಜಾರುವುದಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಎದ್ದು ನಿಂತು. ಹೊಸ ಕೇಬಲ್ ಹಾಕಿದ್ದರೆ ಒಂದೆರಡು ವಾರದಲ್ಲಿ ಔಟರಿನ ತುದಿಗಳು ತಮ್ಮ ಜಾಗದಲ್ಲಿ ಪೂರ್ತಿ ಕೂತು ಗೇರ್ ಮತ್ತೆ ಕೊಂಚ ತಡವರಿಸುತ್ತದೆ. ಅದಕ್ಕೆ ಅಂಗಡಿಗೆ ಹೋಗಬೇಕಿಲ್ಲ, ಬ್ಯಾರಲ್ ಅಡ್ಜಸ್ಟರನ್ನು ಕಾಲು ಸುತ್ತು ಅಪ್ರದಕ್ಷಿಣವಾಗಿ ತಿರುವಿದರಾಯಿತು.